ನಡೆದಾಡುವ ಎಂಜಿನ್

ಎಂಜಿನ್ ಅನ್ನುವುದು ಯಾಕೆ ಒಂದೇ ಕಡೆ ಬೇರು ಬಿಟ್ಟು ಕೂರಬೇಕು?

ಈ ಪ್ರಶ್ನೆ ಶಕುಂತಲಾ ಬಡಿಗೇರಳ ತಲೆ ಹೊಕ್ಕಿದ್ದು ಹಿಮ ಬೀಳುವ ನಾಡಿನಲ್ಲಲ್ಲ, ಹುಬ್ಬಳ್ಳಿಯ ಉಣಕಲ್ಲಿನ ಏರಿನಲ್ಲಿ, ಸುಡು ಬಿಸಿಲಿನಲ್ಲಿ. ಗಂಡ ವಿರೂಪಾಕ್ಷ ಸ್ಕೂಟರ್ ನಡೆಸುತ್ತಿದ್ದ. ತುಂಬಿದ ಗ್ಯಾಸ್ ಸಿಲಿಂಡರನ್ನು ಹಿಂದಿನ ಕ್ಯಾರಿಯರಿಗೆ ಬಿಗಿದಿದ್ದರು. ಏರು ಶುರುವಾದದ್ದೇ ತಡ, ಮುಂದಿನ ಚಕ್ರ ಹಗುರಾಗಿ ಹ್ಯಾಂಡಲ್ಲು ಹೇಳಿದ ಮಾತು ಕೇಳದಾಯಿತು. ಇಳಿದು, ಅದೇ ಸಿಲಿಂಡರನ್ನು ಗಂಡನ ಕಾಲ ಬಳಿ ಇಟ್ಟು ಹೊರಟರೆ ಸ್ಕೂಟರ್ ಹಟ ಬಿಟ್ಟು ಏರು ಹತ್ತಿತು. ಸಿಲಿಂಡರ್ ಅದೇ, ಸ್ಕೂಟರ್ ಅದೇ, ಗಂಡನೂ ಅವನೇ. ಬದಲಾದದ್ದು ಭಾರ ಕೂತ ಜಾಗ ಮಾತ್ರ.

ಆಗ ಇಬ್ಬರೂ ಒಂದೇ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದರು. ಹಿಮದ ಮೇಲೆ ಓಡುವ ಬಂಡಿಯನ್ನು ರೂಪಿಸುವ ಕೆಲಸವನ್ನು ಹಿಮದ ಮುಖವನ್ನೇ ಕಾಣದ ಊರಿಗೆ ಯಾಕೆ ಕೊಟ್ಟರು ಎಂದು ಯಾರೂ ಕೇಳಬಾರದು. ಕೊಟ್ಟವರಿಗೂ ಗೊತ್ತಿರಲಿಕ್ಕಿಲ್ಲ.

ಆ ಹೊತ್ತಿಗೆ ಹಿಮಾಲಯದ ಹಿಮ ಕೆಟ್ಟುಹೋಗಿತ್ತು. ಮೊದಲಾದರೆ ಚಳಿಗಾಲ ಅಂದರೆ ಚಳಿಗಾಲವೇ. ಈಗ ನಟ್ಟನಡುವೆ ಬಿಸಿಲು ಬಂದು ಮೇಲಿನ ಪದರ ಕರಗುವುದು, ಸಂಜೆಗೆ ಮತ್ತೆ ಗಟ್ಟಿಯಾಗುವುದು. ಮೇಲೆ ಹಪ್ಪಳ, ಕೆಳಗೆ ರವೆ. ಎಂಜಿನ್ ಮುಂದಿರುವ ಹಿಮಬಂಡಿ ಗಟ್ಟಿ ಪದರದ ಮೇಲೆ ಚೆನ್ನಾಗಿ ತಿರುಗುತ್ತದೆ, ಯಾಕೆಂದರೆ ಮುಂದಿನ ಎರಡು ಸ್ಕೀ ಹಲಗೆಗಳ ಮೇಲೆ ಭಾರ ಬಿದ್ದು ಅವು ಹಿಮವನ್ನು ಕಚ್ಚಿ ಹಿಡಿಯುತ್ತವೆ. ಆದರೆ ಹಪ್ಪಳ ಮುರಿದು ರವೆ ಸಿಕ್ಕಿದ ಕೂಡಲೇ ಅದೇ ಭಾರಕ್ಕೆ ಮೂಗು ಮುಳುಗಿ ಬಂಡಿ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ. ಎಂಜಿನ್ನನ್ನು ಹಿಂದಕ್ಕೆ ಇಟ್ಟರೆ ಬಂಡಿ ಪುಡಿಹಿಮದ ಮೇಲೆ ತೇಲುತ್ತದೆ, ಆದರೆ ಏರು ಬಂದರೆ ಮೂಗೆತ್ತಿ ಆಕಾಶ ನೋಡುತ್ತದೆ, ಯಾವ ಕಡೆಗೂ ತಿರುಗುವುದಿಲ್ಲ. ಮೇಲಿನ ಕಣಿವೆಗಳಲ್ಲಿ ಗಾಳಿಯ ದಿಕ್ಕು ಕೆಟ್ಟು ಹೆಲಿಕಾಪ್ಟರುಗಳು ಹಾರುವುದು ನಿಂತಿತ್ತು. ಡ್ರೋನುಗಳು ಔಷಧ ತರುತ್ತಿದ್ದವು, ಮನುಷ್ಯರನ್ನು ಒಯ್ಯುತ್ತಿರಲಿಲ್ಲ.

ಅದಕ್ಕೇ ಶಕುಂತಲಾ ಎಂಜಿನ್ನಿಗೆ ಹಳಿ ಹಾಕಿದಳು. ಉದ್ದಕ್ಕೆ ಒಂದು ಜೋಡಿ, ಅಡ್ಡಕ್ಕೆ ಒಂದು ಜೋಡಿ. ತಿರುಪಿನ ಸರಳು ತಿರುಗಿದರೆ ಎಂಜಿನ್ ಹಿಂದೆ ಮುಂದೆ ಹೋಗುತ್ತದೆ, ಎಡಕ್ಕೂ ಬಲಕ್ಕೂ ಸರಿಯುತ್ತದೆ. ಯಾವಾಗ ಎಲ್ಲಿಗೆ ಹೋಗಬೇಕೆಂದು ತೀರ್ಮಾನಿಸುವ ಪೆಟ್ಟಿಗೆ ವಿರೂಪಾಕ್ಷನ ಕೈಕೆಲಸ. ಬಂಡಿಯ ಒಟ್ಟು ತೂಕದ ನಡುಬಿಂದು ಎಲ್ಲಿದೆ ಎಂದು ಅದು ಸದಾ ಅಳೆಯುತ್ತಿತ್ತು, ಬಿಂದು ಜಾಗ ತಪ್ಪಿದರೆ ಎಂಜಿನ್ನನ್ನು ಕಳಿಸಿ ಸರಿಮಾಡುತ್ತಿತ್ತು. ಒಂದು ಕಡೆ ನಿಲ್ಲದ ಎಂಜಿನ್ ಆದ್ದರಿಂದ ಗ್ಯಾರೇಜಿನವರು ಅದಕ್ಕೆ ಜಂಗಮ ಎಂದು ಹೆಸರಿಟ್ಟರು. ಎಣ್ಣೆ ಹಾಕುವಾಗೆಲ್ಲ "ಅಯ್ನಾರು ಬಂದಾರ, ಭಿಕ್ಷಾ ನೀಡ್ರಿ" ಎಂದು ನಗುತ್ತಿದ್ದರು.

ಧಾರವಾಡದ ಹೊರಗೆ ಮರಳು ಸುರಿದು ಮಾಡಿದ ಇಳಿಜಾರಿನಲ್ಲಿ ಜಂಗಮ ಎಲ್ಲ ಪರೀಕ್ಷೆಗಳನ್ನೂ ಪಾಸು ಮಾಡಿತು. ಆಮೇಲೆ ನಿಜವಾದ ಹಿಮದಲ್ಲಿ ಒಂದು ಚಳಿಗಾಲ ಕಳೆಯಲೆಂದು ಅದನ್ನು ಹಿಮಾಲಯದ ಝಿಂಗ್ರಾ ಕಣಿವೆಗೆ ತಂದರು. ಜೊತೆಗೆ ಶಕುಂತಲಾ ಬಂದಳು. ವಿರೂಪಾಕ್ಷ ಹುಬ್ಬಳ್ಳಿಯಲ್ಲೇ ಉಳಿದ. ಅವನ ಅವ್ವ ಗೌರವ್ವ ಮಾತ್ರ, "ಸೊಸಿ ಒಬ್ಬಾಕಿನ್ನ ಬರ್ಫಿನ್ಯಾಗ ಬಿಟ್ರ ಹೊಟ್ಟಿಗೆ ಏನ್ ತಿಂತಾಳ" ಎಂದು ಜೋಳದ ಹಿಟ್ಟಿನ ಚೀಲ ಹೊತ್ತುಕೊಂಡು ಹಿಂದೆಯೇ ಬಂದುಬಿಟ್ಟಳು.

ಜಂಗಮ ಮನುಷ್ಯರೊಬ್ಬರನ್ನು ಬೀಳಿಸಿದ್ದು ಫೆಬ್ರುವರಿಯ ಒಂದು ಬೆಳಿಗ್ಗೆ.

ಬಿದ್ದವಳು ಅಂಗ್ಮೋ. ಆ ಕಣಿವೆಗೆಲ್ಲ ಅವಳೊಬ್ಬಳೇ ನರ್ಸ್. ನಡುವಯಸ್ಸು, ಗಟ್ಟಿ ಮೈ, ಕಡಿಮೆ ಮಾತು. ಕೆಳಗಿನ ಪಟ್ಟಣದ ಆಸ್ಪತ್ರೆಗೆ ಹೋಗಿ ಡ್ರೋನು ಹೊರಲಾರದಷ್ಟು ಔಷಧ ತರುವುದಿತ್ತು. ಊರಿನ ಬಂಡಿ ಚಾಲಕ ನೊರ್ಬು ಮುಂದೆ ಕೂತಿದ್ದ, ಅಂಗ್ಮೋ ಹಿಂದೆ. ಜಂಗಮದ ಹಿಂದೆ ಊರಿನವರು ಕೂತದ್ದು ಅದೇ ಮೊದಲು. ಊರು ದಾಟಿದ ಮೇಲೆ ತಾಕ್‌ನಾಕ್ ಎಂಬ ಇಳಿಜಾರು ಸಿಗುತ್ತದೆ. ಅದನ್ನು ಅಡ್ಡಡ್ಡ ದಾಟಬೇಕು. ಎಡಕ್ಕೆ ಬೆಟ್ಟ, ಬಲಕ್ಕೆ ಕಂದರ. ಶಕುಂತಲಾ ಊರಿನ ಅಂಚಿನಲ್ಲಿ ದುರ್ಬೀನು ಹಿಡಿದು ನಿಂತಿದ್ದಳು. ಬಂಡಿ ಇಳಿಜಾರಿಗೆ ಇಳಿದದ್ದನ್ನು ನೋಡಿದಳು. ಅದು ಒಮ್ಮೆ ಎಡಕ್ಕೆ ತೂಗಿತು, ಒಮ್ಮೆ ಬಲಕ್ಕೆ, ಮತ್ತೆ ಎಡಕ್ಕೆ, ಮತ್ತೆ ಬಲಕ್ಕೆ ವಾಲಿ ಮಗುಚಿತು. ನೊರ್ಬು ಹಾರಿಕೊಂಡ. ಅಂಗ್ಮೋಳ ಮೊಣಕಾಲ ಕೆಳಗೆ ಬಂಡಿಯ ಅಂಚು ಬಿತ್ತು.

ಅವಳನ್ನು ಜಾರುಬಂಡಿಯಲ್ಲಿ ಮಲಗಿಸಿ ಮನೆಗೆ ಎಳೆದುತಂದರು, ಜಂಗಮವನ್ನು ಎತ್ತಿ ನಿಲ್ಲಿಸಿ ಊರಿಗೆ ತಂದರು. ಅಂಗ್ಮೋ ತಾನೇ ತನ್ನ ಕಾಲು ಮುಟ್ಟಿ ನೋಡಿಕೊಂಡಳು, ತಾನೇ ಹಲಗೆ ಕಟ್ಟಿಸಿಕೊಂಡಳು. ಆಮೇಲೆ ಶಕುಂತಲಾಳ ಕಡೆ ತಿರುಗಿದಳು. ಅವರಿಬ್ಬರ ಮಾತು ಹಿಂದಿಯಲ್ಲಿ.

"ಮೇಡಂ, ಮೂಳೆ ಮುರಿದದ್ದಕ್ಕೆ ನನಗೆ ಹೆದರಿಕೆ ಇಲ್ಲ. ಪಾದಕ್ಕೆ ರಕ್ತ ಸರಿಯಾಗಿ ಇಳಿಯುತ್ತಿಲ್ಲ. ಮುಟ್ಟಿ ನೋಡಿ, ತಣ್ಣಗಾಗಿದೆ. ನಾಳೆ ಸಂಜೆಯೊಳಗೆ ಆಸ್ಪತ್ರೆ ಸೇರಿದರೆ ಕಾಲು ಉಳಿಯುತ್ತದೆ. ಇಲ್ಲದಿದ್ದರೆ ಕತ್ತರಿಸಬೇಕು."

ಬೇರೆಯವರ ಕಾಲಿನ ವಿಷಯ ಎಂಬಂತೆ ಹೇಳಿದಳು. ಶಕುಂತಲಾ ಪಾದವನ್ನು ಅಂಗೈಯಲ್ಲಿ ಹಿಡಿದಳು. ನಾಚಿಕೆಯಿಂದ ಅವಳ ಮೈ ಕುಗ್ಗಿಹೋಯಿತು. ಈ ಕಣಿವೆಯ ಮನೆ ಮನೆಗೆ ನಡೆದು ಹೋಗುತ್ತಿದ್ದ ಕಾಲು ಇದು. ಹಳೆಯ ಬಂಡಿಗಳು ಎರಡಿದ್ದವು, ಎರಡೂ ಈ ವರ್ಷದ ಹಿಮದಲ್ಲಿ ತಾಕ್‌ನಾಕ್ ದಾಟಲಾರದೆ ಹಿಂದಿರುಗಿದ್ದವು. ಹೊತ್ತು ನಡೆದರೆ ಮೂರು ದಿನದ ದಾರಿ. ದಾಟುವುದಾದರೆ ಜಂಗಮವೇ ದಾಟಬೇಕು, ಆದರೆ ಅದೇ ಇವಳನ್ನು ಬೀಳಿಸಿತ್ತು.

"ದೀದಿ, ನಾಳೆ ನಿಮ್ಮನ್ನು ಕರೆದುಕೊಂಡು ಹೋಗುತ್ತೇನೆ" ಎಂದಳು ಶಕುಂತಲಾ.

"ಯಾವುದರಲ್ಲಿ?" ಎಂದು ಕೇಳಿದಳು ಅಂಗ್ಮೋ.

ಶಕುಂತಲಾ ಎದ್ದು ಕಂಟ್ರೋಲ್ ರೂಮಿಗೆ ನಡೆದಳು.

ಕಂಟ್ರೋಲ್ ರೂಮು ಎಂಬ ದೊಡ್ಡ ಹೆಸರಿದ್ದರೂ ಅದು ಕಲ್ಲಿನ ಒಂದು ಕೋಣೆ. ನಡುವೆ ಬುಖಾರಿ ಎಂಬ ಕಬ್ಬಿಣದ ಒಲೆ, ಮೂಲೆಯಲ್ಲಿ ಪರದೆ. ಪರದೆಯ ಮೇಲೆ ವಿರೂಪಾಕ್ಷ ಬನಿಯನ್ನಿನಲ್ಲಿ ಕೂತಿದ್ದ. ಹುಬ್ಬಳ್ಳಿಯಲ್ಲಿ ಆಗಲೇ ಸೆಕೆ, ಅವನ ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಇವಳು ಎರಡು ಸ್ವೆಟರಿನ ಮೇಲೆ ಅತ್ತೆಯ ಕೌದಿ ಹೊದ್ದು ಕೂತಳು. ಬಂಡಿಯಿಂದ ಬಂದ ಲೆಕ್ಕವೆಲ್ಲ ಗೆರೆಗಳಾಗಿ ಇಬ್ಬರ ಮುಂದೆಯೂ ಹರಡಿತ್ತು.

"ಪೆಟಿಗಿ ತಪ್ಪೇನೂ ಮಾಡಿಲ್ಲ ಶಕ್ಕು" ಎಂದ ವಿರೂಪಾಕ್ಷ. "ನೋಡು, ಭಾರ ಎಡಕ್ಕ ಹೋತು, ಎಂಜಿನ್ನ ಬಲಕ್ಕ ಕಳಸ್ತು. ಭಾರ ಮತ್ತ ಎಡಕ್ಕ ಹೋತು, ಮತ್ತ ಬಲಕ್ಕ ಕಳಸ್ತು. ಅದರ ಕೆಲಸ ಅದು ಮಾಡೇತಿ."

"ಮಾಡೇತ್ರಿ. ಕೆಲಸ ಚಲೋ ಮಾಡಿ ಒಬ್ಬಾಕಿ ಕಾಲ ಮುರದೈತಿ."

"ಆಫೀಸಿನವ್ರು ಏನ್ ಹೇಳ್ಯಾರ ಕೇಳು. ಎಂಜಿನ್ ನಟ್ಟನಡುವ ತಂದು ಬೋಲ್ಟ್ ಹಾಕಬೇಕಂತ. ಬ್ಯಾಸಿಗ್ಯಾಗ ಬಂಡಿ ವಾಪಸ್ ತರಬೇಕಂತ. ಅಲ್ಲೀತನಕ ಯಾರೂ ಹತ್ತಬಾರ್ದಂತ."

"ಬ್ಯಾಸಿಗೀತನಕ ಕಾಲು ಇರಂಗಿಲ್ರೀ. ನಾಳೆ ಸಂಜೀತನಕ ಅಷ್ಟ."

"ನನಗ ತಿಳಿತೈತಿ. ಆದ್ರ ಯಾಕ ಬಿತ್ತು ಅಂತ ಗೊತ್ತಾಗೂತನಕ ನೀ ಅದನ್ನ ಮುಟ್ಟಬ್ಯಾಡ."

ಅದಂತೂ ನ್ಯಾಯವಾದ ಮಾತು. ಶಕುಂತಲಾ ಗೆರೆಗಳನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡಿದಳು. ತೂಗಾಟ ಪ್ರತಿ ಸಲವೂ ಹಿಂದಿನದಕ್ಕಿಂತ ಜೋರಾಗುತ್ತ ಹೋಗಿತ್ತು. ಎರಡು ಜನ ಹಗ್ಗ ಎಳೆದಾಡಿದ ಹಾಗೆ. ಒಂದು ಕಡೆ ಎಳೆಯುತ್ತಿದ್ದದ್ದು ಪೆಟ್ಟಿಗೆ. ಇನ್ನೊಂದು ಕಡೆ ಯಾರು ಎಂಬುದು ತಿಳಿಯಲಿಲ್ಲ.

ಮಧ್ಯಾಹ್ನ ಗೌರವ್ವ ಹುಗ್ಗಿಯ ಡಬ್ಬಿ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಅಂಗ್ಮೋಗೂ ಅವಳಿಗೂ ಒಂದು ಥರದ ಗೆಳೆತನ. ಇವಳಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಬರುವುದಿಲ್ಲ, ಅವಳಿಗೆ ಕನ್ನಡ ಬರುವುದಿಲ್ಲ. ಆದರೂ ಚಹಾಕ್ಕೆ ಉಪ್ಪು ಹಾಕುವುದು ಸರಿಯೋ ತಪ್ಪೋ ಎಂದು ಗಂಟೆಗಟ್ಟಲೆ ವಾದ ನಡೆಯುತ್ತಿತ್ತು.

"ನೀ ಪರದೆ ಮುಂದ ಕುಂತು ಏನ್ ಮಾಡ್ತಿ? ನಡಿ, ಆಕಿನ್ನ ನೋಡ್ಕೊಂಡು ಬರೂಣು" ಎಂದಳು. "ಉಂಡಾಳೋ ಇಲ್ಲೋ."

ಅಂಗ್ಮೋಳ ಮನೆ ಊರಿನ ಮೇಲಿನ ಕೊನೆಯಲ್ಲಿ. ನೊರ್ಬು ಅತ್ತೆ ಸೊಸೆಯನ್ನು ಜಾರುಬಂಡಿಯಲ್ಲಿ ಕೂರಿಸಿ ಹಗ್ಗ ಹಿಡಿದು ಎಳೆದ. ಮುಂದೆ ಇನ್ನೊಂದು ಜಾರುಬಂಡಿಯನ್ನು ಊರ ಹುಡುಗರು ಎಳೆಯುತ್ತಿದ್ದರು. ಅಂಗ್ಮೋಳನ್ನು ನೋಡಲು ಹೊರಟ ಊರ ಹೆಂಗಸರು ನಾಲ್ವರು ಅದರಲ್ಲಿ ಕೂತು ಹರಟೆ ಹೊಡೆಯುತ್ತಿದ್ದರು. ದಾರಿ ಒಂದು ಕಡೆ ಓರೆಯಾಯಿತು. ನೊರ್ಬು ತುಟಿ ಮುಂದೆ ಮಾಡಿ ಸಣ್ಣಗೆ ಸಿಳ್ಳೆ ಹಾಕಿದ. ಅವನು ಹೀಗೆ ಸಿಳ್ಳೆ ಹಾಕುವುದನ್ನು ಶಕುಂತಲಾ ಚಳಿಗಾಲದುದ್ದಕ್ಕೂ ಕೇಳಿದ್ದಳು. ಖುಷಿಯಲ್ಲಿರುವ ಮನುಷ್ಯ ಎಂದುಕೊಂಡಿದ್ದಳು.

ಮುಂದಿನ ಬಂಡಿಯ ನಾಲ್ವರೂ ಒಟ್ಟಿಗೆ ಬೆಟ್ಟದ ಕಡೆ ಬಾಗಿದರು. ಮಾತು ನಿಲ್ಲಿಸಲಿಲ್ಲ, ದಾರಿ ನೋಡಲಿಲ್ಲ. ಒಬ್ಬಳ ಬೆನ್ನಿಗೆ ಕಟ್ಟಿದ್ದ ಕೂಸೂ ಕುತ್ತಿಗೆ ಓರೆ ಮಾಡಿತು. ಓರೆ ಮುಗಿಯಿತು, ನೊರ್ಬು ಇನ್ನೊಂದು ಸಿಳ್ಳೆ ಹಾಕಿದ, ಎಲ್ಲರೂ ನೆಟ್ಟಗಾದರು.

ಹಿಂದಿನ ಬಂಡಿಯಲ್ಲಿ ಹುಬ್ಬಳ್ಳಿಯ ಇಬ್ಬರು ಹೆಂಗಸರು ಕಂಬದಂತೆ ಕೂತಿದ್ದರು. ಅವರ ಬಂಡಿ ಮೆಲ್ಲಗೆ, ಬಹಳ ಮರ್ಯಾದೆಯಿಂದ, ಮಗುಚಿತು.

ಹುಗ್ಗಿಯ ಡಬ್ಬಿಯನ್ನು ಎದೆಗವಚಿಕೊಂಡು ಹಿಮದಿಂದ ಎದ್ದ ಗೌರವ್ವ ನೊರ್ಬುವಿನ ಮೇಲೆ ಹರಿಹಾಯ್ದಳು. ಅವನು ಕೈ ಸನ್ನೆಯಲ್ಲಿ ಬಾಗಬೇಕಿತ್ತು ಎಂದು ತೋರಿಸಿದ.

"ಯಾಕ ಬಾಗಬೇಕು? ಹಿಂದ ಕುಂತವ್ರು ಮಿಸುಕಬಾರ್ದು. ನನ್ನ ಮಗಾ ಸ್ಕೂಟರ್ ಮ್ಯಾಲ ಕುಂದ್ರಿಸಿದಾಗೆಲ್ಲಾ ಬಡಕೊಂತಾನ, ಅವ್ವಾ ಮಿಸುಕಾಡಬ್ಯಾಡ, ಅವ್ವಾ ಮಿಸುಕಾಡಬ್ಯಾಡ ಅಂತ."

ಶಕುಂತಲಾ ಏಳಲಿಲ್ಲ. ಬಿದ್ದಲ್ಲೇ ಕೂತು ಅತ್ತೆಯ ಮುಖವನ್ನೇ ನೋಡಿದಳು. ನಮ್ಮೂರುಗಳಲ್ಲಿ ಬೈಕಿನ ಹಿಂದೆ ಕೂತವರ ಧರ್ಮ ಒಂದೇ, ಮಿಸುಕದಿರುವುದು. ಅಕ್ಕಿ ಮೂಟೆ ಎಷ್ಟು ಮಿಸುಕುತ್ತದೋ ಅಷ್ಟು. ಧಾರವಾಡದ ಮರಳಿನಲ್ಲಿ ಪೆಟ್ಟಿಗೆಗೆ ಪಾಠ ಕಲಿಸುವಾಗ ಹಿಂದೆ ಕೂತವರೆಲ್ಲ ಅಂಥವರೇ. ಕ್ಯಾಂಟೀನಿನವರು, ಗುಮಾಸ್ತರು, ಸ್ವತಃ ಶಕುಂತಲಾ. ಯಾರೂ ಹೇಳಿಕೊಡದೆ ಎಲ್ಲರೂ ಕಲ್ಲಾಗಿ ಕೂತಿದ್ದರು. ಹಿಂದೆ ಕೂತ ಮನುಷ್ಯ ತಾನಾಗಿ ಬಾಗಿಯಾನು ಎಂಬ ಸಂಗತಿಯೇ ಪೆಟ್ಟಿಗೆಗೆ ಗೊತ್ತಿರಲಿಲ್ಲ. ಅದನ್ನು ಮಾಡಿದವರಿಗೇ ಗೊತ್ತಿರಲಿಲ್ಲ.

ಶಕುಂತಲಾ ಅಂಗ್ಮೋಳ ಹಾಸಿಗೆಯ ಪಕ್ಕ ಕೂತು ಕೇಳಿದಳು. "ದೀದಿ, ಬೆಳಿಗ್ಗೆ ನೀವು ಬಾಗಿದಿರಾ?"

"ಬಾಗಿದೆ. ನೊರ್ಬು ಸಿಳ್ಳೆ ಹಾಕಿದ. ಬಾಗದೆ ಕೂರುವುದು ಹೇಗೆ?"

"ಆಮೇಲೆ?"

"ಬಂಡಿ ನನ್ನ ಕೆಳಗಿನಿಂದ ಕಂದರದ ಕಡೆ ಸರಿದ ಹಾಗಾಯಿತು. ಇನ್ನೂ ಬಾಗಿದೆ. ಅದು ಇನ್ನೂ ಸರಿಯಿತು. ಕೊನೆಗೆ ನೊರ್ಬು ಸಾಕೆಂದು ಸಿಳ್ಳೆ ಹಾಕಿದ, ನೆಟ್ಟಗೆ ಕೂತೆ. ಆಗಲೇ ಬಿದ್ದದ್ದು."

ಅಲ್ಲಿಗೆ ಎಲ್ಲವೂ ತಿಳಿಯಾಯಿತು. ಅಂಗ್ಮೋ ಬೆಟ್ಟದ ಕಡೆ ಬಾಗಿದ್ದನ್ನು ಪೆಟ್ಟಿಗೆ ತಪ್ಪೆಂದು ತಿಳಿದು ಎಂಜಿನ್ನನ್ನು ಕಂದರದ ಕಡೆ ಅಟ್ಟಿತ್ತು. ಬಂಡಿ ಸರಿಯಿತೆಂದು ಅವಳು ಇನ್ನೂ ಬಾಗಿದ್ದಳು, ಅದು ಇನ್ನೂ ಅಟ್ಟಿತ್ತು. ಎಂಜಿನ್ ಕಂದರದ ಕಡೆಯ ಕೊನೆ ಮುಟ್ಟಿದ ಹೊತ್ತಿಗೆ ಸರಿಯಾಗಿ ಅವಳು ನೆಟ್ಟಗಾಗಿದ್ದಳು. ಇಬ್ಬರೂ ಬಂಡಿಯನ್ನು ಉಳಿಸಲು ಹೊರಟವರೇ. ಒಬ್ಬರ ಉಪಕಾರ ಒಬ್ಬರಿಗೆ ಗೊತ್ತಾಗದೆ ಕಾಲು ಮುರಿದಿತ್ತು.

ಸಂಜೆಗೆ ಮುಂಚೆ ಅವಳು ಮತ್ತೆ ಪರದೆಯ ಮುಂದೆ ಕೂತಳು. ವಿರೂಪಾಕ್ಷ ಕೇಳಿಸಿಕೊಂಡ. ಮುಖ ಒರೆಸಿಕೊಂಡ. "ನಾವು ಯಾರನ್ನೂ ಮಿಸುಕಾಡಾಕ ಬಿಡಲೇ ಇಲ್ಲಲ್ಲ" ಎಂದ, ಬಹಳ ಸಣ್ಣ ದನಿಯಲ್ಲಿ. "ಹೊಸದಾಗಿ ಕಲಿಸಬೇಕು ಅದಕ್ಕ. ಹದಿನೈದು ದಿನಾ ಆದ್ರೂ ಬೇಕು."

"ಕಲಸೂದು ಬ್ಯಾಡ್ರಿ. ಅಡ್ಡ ಹಳಿಗೆ ಬೋಲ್ಟ್ ಹಾಕಿಬಿಡ್ತೀನಿ. ಎಡಾ ಬಲಾ ನೋಡ್ಕೊಳ್ಳೂದು ಇಲ್ಲಿ ಮಂದಿಗೆ ಬರತೈತಿ, ನಮ್ಮ ಪೆಟಿಗಿಗಿಂತ ಪಾಡ ಬರತೈತಿ. ಎಂಜಿನ್ ಹಿಂದ ಮುಂದ ಅಷ್ಟ ಹೋಗ್ಲಿ."

"ಆಗಂಗಿಲ್ಲ. ಪೆಟಿಗಿ ಎರಡೂ ಕೂಡೇ ಲೆಕ್ಕಾ ಹಾಕತೈತಿ. ಒಂದು ಬಂದ್ ಆದ್ರ ಇನ್ನೊಂದು ದಿಕ್ಕು ತಪ್ಪತೈತಿ."

"ಹಂಗಾರ ಪೆಟಿಗೀನ ಬಂದ್ ಮಾಡ್ತೀನಿ. ಉದ್ದನ ತಿರುಪಿಗೆ ಕೈಚಕ್ರ ಕುಂದ್ರಿಸ್ತೀನಿ. ನಾನ ತಿರುಗಸ್ತೀನಿ."

"ಅಂದ್ರ ನೀ ಹತ್ತಾಕಿ?"

"ಮತ್ತ್ಯಾರು? ಯಾವಾಗ ಹಿಂದ, ಯಾವಾಗ ಮುಂದ ಅಂತ ಇಲ್ಲಿ ಬ್ಯಾರೆ ಯಾರಿಗೆ ಗೊತ್ತೈತಿ? ದೀದಿ ಮಲಗಿರ್ತಾಳ, ಬಾಗಾಕ ಆಗಂಗಿಲ್ಲ. ಆಕಿ ಬದಲಿಗೆ ಬಾಗಾವ್ರೂ ಬೇಕು. ಜಾಗಾ ಇರೂದು ಒಬ್ಬರಿಗೆ. ಎರಡೂ ನಾನ ಮಾಡ್ತೀನಿ."

ಇಷ್ಟು ಹೊತ್ತು ಪ್ರಯೋಗಾಲಯದ ಎಂಜಿನಿಯರಾಗಿ ಮಾತಾಡುತ್ತಿದ್ದವನು ಈಗ ಗಂಡನಾದ. "ಶಕ್ಕು, ನನಗ ಹೆದರಿಕಿ ಆಗ್ತೈತಿ" ಎಂದ.

"ನನಗೂ ಆಗ್ತೈತ್ರಿ. ಆದ್ರ ಹೋಗಾಕಿ."

"ಆಫೀಸಿಗೆ ಏನ್ ಹೇಳ್ಲಿ?"

"ಹೇಳಬ್ಯಾಡ್ರಿ. ನಾಳೆ ನಾನ ಹೇಳ್ತೀನಿ."

ಅವನು ಬೇಡ ಎನ್ನಲಿಲ್ಲ. ಪರದೆ ಆರಿಸುವ ಮೊದಲು ಇಷ್ಟೇ ಹೇಳಿದ. "ಪುಡಿಹಿಮ ಬಂದ್ರ ತಡಾ ಮಾಡಬ್ಯಾಡ. ಮೂಗು ಮುಳುಗಿದ ಮ್ಯಾಲ ಎಂಜಿನ್ ಹಿಂದ ತಂದ್ರ ಉಪಯೋಗಿಲ್ಲ."

ಅವಳೂ ನೊರ್ಬುವೂ ಸೇರಿ ಅಡ್ಡ ಹಳಿಗೆ ಬೋಲ್ಟ್ ಬಿಗಿದರು. ಪೆಟ್ಟಿಗೆಯ ತಂತಿಗಳನ್ನು ಕಿತ್ತರು. ಹಳೆಯ ಬಂಡಿಯೊಂದರ ಸ್ಟೀರಿಂಗ್ ಚಕ್ರ ಬಿಚ್ಚಿ ತಿರುಪಿನ ಸರಳಿಗೆ ಜೋಡಿಸಿದರು. ಸರಳಿನ ತುದಿ ಸೀಟಿನ ಹಿಂದೆ ಬಲಗಡೆಗೆ ಇತ್ತು, ಆದ್ದರಿಂದ ಚಕ್ರವೂ ಬಲಗಡೆಗೇ ಬಂತು. ಕತ್ತಲಾಗುವ ಮುಂಚೆ ಇನ್ನೊಂದು ಕೆಲಸ ಉಳಿದಿತ್ತು. ನೊರ್ಬು ಅವಳನ್ನು ಮನೆಯಂಗಳದ ಜಾರುಬಂಡಿಯಲ್ಲಿ ಕೂರಿಸಿ ಎಳೆದಾಡಿದ. ಸಿಳ್ಳೆ ಹಾಕಿದ. ಅವಳು ಬಾಗುವಷ್ಟರಲ್ಲಿ ಬಂಡಿ ಮಗುಚಿತು. ಮತ್ತೆ ಕೂರಿಸಿದ, ಮತ್ತೆ ಮಗುಚಿತು. ತಲೆ ಬಾಗು ಎನ್ನುತ್ತಿತ್ತು, ಬೆನ್ನು ಕೇಳುತ್ತಿರಲಿಲ್ಲ. ಗೌರವ್ವ ಬಾಗಿಲಲ್ಲಿ ನಿಂತು ಮೊದಲು ನಕ್ಕಳು, ಆಮೇಲೆ ನಗು ನಿಲ್ಲಿಸಿದಳು.

"ಇದೇನವಾ, ನಿನಗ ಬರೂದ ಇಲ್ಲಲ್ಲ" ಎಂದಳು.

"ಬರತೈತಿ ಅತ್ತಿ" ಎಂದು ಶಕುಂತಲಾ ಮೈಮೇಲಿನ ಹಿಮ ಕೊಡವಿಕೊಂಡು ಮತ್ತೆ ಕೂತಳು. ಬೆಳಕು ಹೋಗುವ ಹೊತ್ತಿಗೆ ಬೀಳದೆ ಅಂಗಳ ದಾಟಿದಳು. ಚೆನ್ನಾಗಿ ದಾಟಿದಳು ಎನ್ನುವಂತಿರಲಿಲ್ಲ.

ಬೆಳಿಗ್ಗೆ ಅಂಗ್ಮೋಳನ್ನು ಜಂಗಮದ ಹಿಂದೆ ಸಾಮಾನು ಹೇರುವ ತಟ್ಟೆಯಲ್ಲಿ, ತಲೆ ಸೀಟಿನ ಕಡೆ ಬರುವಂತೆ ಮಲಗಿಸಿ, ಸೊಂಟಕ್ಕೂ ಕಾಲಿಗೂ ಪಟ್ಟಿ ಬಿಗಿದರು. ಅವಳು ಬಂಡಿಯನ್ನು ಒಮ್ಮೆ ನೋಡಿದಳು. "ಇದರಲ್ಲೇನಾ?" ಎಂದಳು. ಶಕುಂತಲಾ ಹೌದು ಎಂದಳು. ನಿನ್ನೆ ಯಾಕೆ ಬಿತ್ತು, ಇವತ್ತು ಏನು ಬದಲಾಗಿದೆ ಎಂದು ಬಿಡಿಸಿ ಹೇಳಿದಳು. ತಪ್ಪು ನಮ್ಮದು ಎಂದೂ ಹೇಳಿದಳು. ಅಂಗ್ಮೋ ಎಲ್ಲವನ್ನೂ ಕೇಳಿ, "ಕಾಲು ಇನ್ನೂ ತಣ್ಣಗಾಗಿದೆ, ಮಾತು ಸಾಕು" ಎಂದಳು.

ಗೌರವ್ವ ಅಂಗ್ಮೋಳ ಕೊರಳಿಗೆ ತನ್ನ ಮಫ್ಲರ್ ಸುತ್ತಿದಳು. ಸೊಸೆಯ ಭುಜ ಹಿಡಿದು, "ಹೆದರಿಕಿ ಬಂದ್ರೂ ಬಾಗು" ಎಂದಳು. ಅಷ್ಟು ಹೇಳಿ ಹಿಂದಿರುಗಿ ನೋಡದೆ ಒಳಗೆ ಹೋದಳು. ಅಳುವುದನ್ನು ಬೇರೆಯವರು ನೋಡುವುದು ಅವಳಿಗೆ ಹಿಡಿಸದು.

ಮೊದಲಿಗೆ ಏರು. ಶಕುಂತಲಾ ಚಕ್ರ ತಿರುಗಿಸಿ ಎಂಜಿನ್ನನ್ನು ಮುಂದಕ್ಕೆ ಕಳಿಸಿದಳು. ಸ್ಕೀಗಳು ಗಟ್ಟಿ ಪದರವನ್ನು ಕಚ್ಚಿದವು, ಬಂಡಿ ಹೇಳಿದ ಕಡೆ ತಿರುಗುತ್ತ ಹತ್ತಿತು. ಮೇಲೆ ಮಟ್ಟಸದ ಜಾಗದಲ್ಲಿ ಪದರ ಮುರಿಯುವ ಸದ್ದು ಕೇಳಿಸಿತು. ತಡ ಮಾಡದೆ ಎಂಜಿನ್ನನ್ನು ಹಿಂದಕ್ಕೆ ತಂದಳು. ಮೂಗು ಹಗುರಾಗಿ ಬಂಡಿ ಪುಡಿಯ ಮೇಲೆ ಏರಿ ತೇಲಿತು. ಅವಳಿಗೆ ಒಳಗೊಳಗೇ ಖುಷಿಯಾಯಿತು. ಈ ಎಂಜಿನ್ ಇದನ್ನು ಮಾಡಬಲ್ಲದು ಎಂದು ಅವಳು ಎಷ್ಟೋ ವರ್ಷದಿಂದ ಹೇಳುತ್ತ ಬಂದಿದ್ದಳು, ಈಗ ಅದು ಮಾಡುತ್ತಿತ್ತು.

ತಾಕ್‌ನಾಕ್ ಶುರುವಾಯಿತು. ಹಿಮ ಮತ್ತೆ ಗಟ್ಟಿಯಾಗಿತ್ತು, ಶಕುಂತಲಾ ಎಂಜಿನ್ನನ್ನು ಮುಂದಕ್ಕೆ ಕಳಿಸಿದಳು. ನೊರ್ಬು ಸಿಳ್ಳೆ ಹಾಕಿದ. ಅವಳು ಎಡಕ್ಕೆ ಬಾಗಿದಳು. ಬಾಗಿದಾಗ ಬಿಳಿ ಗೋಡೆಯಂಥ ಬೆಟ್ಟ ಮುಖಕ್ಕೇ ಬಂದು ತಾಗುವಂತಿತ್ತು, ಬೆನ್ನ ಹಿಂದೆ ಏನೂ ಇರಲಿಲ್ಲ. ಮೈಯೆಲ್ಲ ನೆಟ್ಟಗಾಗು ಎಂದು ಕೂಗುತ್ತಿತ್ತು. ಹಲ್ಲು ಕಚ್ಚಿ ಹಾಗೇ ಇದ್ದಳು. ಬಂಡಿ ಓರೆಯಲ್ಲೂ ಸಮವಾಗಿ ಓಡಿತು. ನಿನ್ನೆ ಮಗುಚಿದ ಜಾಗ ಕಳೆಯಿತು.

ಅಲ್ಲಿಂದ ಸ್ವಲ್ಪ ಮುಂದೆ, ಇಳಿಜಾರು ಎಲ್ಲಕ್ಕಿಂತ ಕಡಿದಾದ ಕಡೆಯಲ್ಲೇ, ಹಪ್ಪಳ ಮುರಿಯಿತು.

ಮೂಗು ಕುಸಿಯತೊಡಗಿತು. ಎಂಜಿನ್ನನ್ನು ಹಿಂದಕ್ಕೆ ತರಬೇಕು, ಈಗಲೇ ತರಬೇಕು. ಚಕ್ರ ಬಲಗಡೆಗಿತ್ತು, ಕಂದರದ ಕಡೆ. ಅದನ್ನು ಹಿಡಿಯಲು ನೆಟ್ಟಗಾದರೆ ಬಂಡಿ ಮಗುಚುತ್ತದೆ. ಹಿಡಿಯದಿದ್ದರೆ ಮೂಗು ಹೂತು ಬಂಡಿ ಅಲ್ಲೇ ನಿಲ್ಲುತ್ತದೆ, ನಿಂತ ಬಂಡಿ ಆ ಇಳಿಜಾರಿನಲ್ಲಿ ಜಾರದೆ ಇರುವುದಿಲ್ಲ. ಬಾಗಿಕೊಂಡೇ ಬಲಗೈ ಚಾಚಿದಳು, ಎಟುಕಲಿಲ್ಲ. ನಿನ್ನೆ ಸಂಜೆ ಚಕ್ರವನ್ನು ಆ ಕಡೆ ಕೂರಿಸುವಾಗ ಇದು ಹೊಳೆದಿರಲಿಲ್ಲ. ಪೆಟ್ಟಿಗೆ ಮಾಡಿದವರ ತಪ್ಪು ಹುಡುಕಿದ್ದಾಯಿತು, ಈಗ ತನ್ನ ಸರದಿ. ಅವಳು ಚಕ್ರಕ್ಕಾಗಿ ತಡಕಾಡುವುದನ್ನು ಬಿಟ್ಟು ಪೂರ್ತಿ ಬೆಟ್ಟದ ಕಡೆ ಬಾಗಿದಳು. ಎರಡರಲ್ಲಿ ಒಂದಾದರೂ ಸರಿಯಾಗಲಿ ಎಂದು.

"ಎತ್ತ ಕಡೆಗೆ?"

ಅಂಗ್ಮೋಳ ದನಿ. ತಟ್ಟೆಯ ಮೇಲೆ ಮಲಗಿದ್ದವಳು ಪಟ್ಟಿಗಳ ನಡುವಿಂದ ಎರಡೂ ಕೈ ಚಾಚಿ ಚಕ್ರವನ್ನು ಹಿಡಿದಿದ್ದಳು. ಸೊಂಟ ತಿರುಗಿದ್ದಕ್ಕೆ ಮುರಿದ ಕಾಲು ಎಷ್ಟು ನೊಂದಿತೋ, ಮುಖ ಬಿಳಿಚಿಕೊಂಡಿತ್ತು.

"ನಿಮ್ಮ ಕಡೆಗೆ, ದೀದಿ. ನಾನು ಸಾಕು ಅನ್ನುವವರೆಗೆ."

ಅಂಗ್ಮೋ ತಿರುಗಿಸಿದಳು. ಎಂಜಿನ್ ಹಿಂದಕ್ಕೆ ಸರಿಯುವುದು ಶಕುಂತಲಾಳ ಕಾಲಡಿಯಲ್ಲಿ ತಿಳಿಯುತ್ತಿತ್ತು. ಮೂಗು ಇನ್ನಷ್ಟು ಕುಸಿದು, ಕುಸಿದಲ್ಲೇ ನಿಂತು, ಆಮೇಲೆ ಮೆಲ್ಲಗೆ ಮೇಲೆದ್ದಿತು. ನೊರ್ಬು ಎಕ್ಸಲರೇಟರ್ ಒತ್ತಿದ. ಬಂಡಿಯಡಿ ಸುತ್ತುವ ಬೆಲ್ಟ್ ಪುಡಿಯನ್ನು ಹಿಂದಕ್ಕೆ ಎರಚುತ್ತ ಬಂಡಿಯನ್ನು ಮುಂದಕ್ಕೆ ನೂಕಿತು.

"ಸಾಕು" ಎಂದಳು ಶಕುಂತಲಾ. ಮುಂದೆ ಗಟ್ಟಿ ಪದರ ಸಿಕ್ಕಿತು. "ಈಗ ಆ ಕಡೆಗೆ, ಸ್ವಲ್ಪ."

ತಾಕ್‌ನಾಕ್ ಮುಗಿಯುವವರೆಗೆ ಹಾಗೆಯೇ ಹೋದರು. ಒಬ್ಬ ದಾರಿ ನೋಡಿದ, ಒಬ್ಬಳು ಬಾಗಿದಳು, ಮಲಗಿದವಳು ಎಂಜಿನ್ನನ್ನು ನಡೆಸಿದಳು. ಆಚೆ ಬದಿಯಲ್ಲಿ ನೊರ್ಬು ಸಾಕೆಂಬ ಸಿಳ್ಳೆ ಹಾಕಿದಾಗ ಶಕುಂತಲಾಳಿಗೆ ನೆಟ್ಟಗಾಗಲು ಆಗಲಿಲ್ಲ. ಬೆನ್ನು ಹಾಗೇ ಹಿಡಿದುಕೊಂಡಿತ್ತು. ಅವನೇ ಇಳಿದು ಬಂದು ಅವಳನ್ನು ನೆಟ್ಟಗೆ ಕೂರಿಸಿದ.

ಪಟ್ಟಣದ ಆಸ್ಪತ್ರೆ ಸೇರಿದಾಗ ಇನ್ನೂ ಬಿಸಿಲಿತ್ತು. ಅಂಗ್ಮೋಳನ್ನು ನೇರ ಆಪರೇಷನ್ನಿಗೆ ಒಯ್ದರು. ಶಕುಂತಲಾ ಹೊರಗಿನ ಬೆಂಚಿನ ಮೇಲೆ ಕೂತಳು, ಎದ್ದಳು, ಮತ್ತೆ ಕೂತಳು. ಹುಬ್ಬಳ್ಳಿಯ ಆಫೀಸಿಗೆ ಫೋನು ಮಾಡಿ ಪೆಟ್ಟಿಗೆಯ ತಂತಿ ಕಿತ್ತವಳು ತಾನೇ, ಯಾರ ಅಪ್ಪಣೆಯನ್ನೂ ಕೇಳಿರಲಿಲ್ಲ ಎಂದು ಹೇಳಿದಳು. ಅವರು ಬಹಳ ಹೊತ್ತು ಮಾತಾಡಿದರು. ಮುಂದೆ ಕೆಲಸದಲ್ಲಿ ಇಟ್ಟುಕೊಳ್ಳುತ್ತಾರೋ ಇಲ್ಲವೋ ಎಂಬುದು ಆ ಮಾತಿನಲ್ಲಿ ಎಲ್ಲೋ ಇತ್ತು. ಅವಳು ಬಾಗಿಲ ಕಡೆಯೇ ನೋಡುತ್ತಿದ್ದುದರಿಂದ ಸರಿಯಾಗಿ ಕೇಳಿಸಿಕೊಳ್ಳಲಿಲ್ಲ.

ಮರುದಿನ ಬೆಳಿಗ್ಗೆ ಒಳಗೆ ಬಿಟ್ಟರು. ಡಾಕ್ಟರು ಹೊದಿಕೆ ಸರಿಸಿ ಅಂಗ್ಮೋಳ ಹೆಬ್ಬೆರಳನ್ನು ಉಗುರಿನಿಂದ ಒತ್ತಿದರು. ಎರಡು ದಿನದಿಂದ ಒಮ್ಮೆಯೂ ನರಳದ ಹೆಂಗಸು ತನ್ನ ಭಾಷೆಯಲ್ಲಿ ಅವರಿಗೆ ಏನೋ ಬೈದಳು. ನೊರ್ಬು ತಲೆ ತಗ್ಗಿಸಿ ನಕ್ಕ, ಅದರ ಅರ್ಥ ಹೇಳಲು ಒಪ್ಪಲಿಲ್ಲ. ನೋವು ಗೊತ್ತಾಗುತ್ತಿದೆ, ಕಾಲು ಉಳಿಯಿತು ಎಂದರು ಡಾಕ್ಟರು. ಶಕುಂತಲಾ ಮಂಚದ ಕಂಬಿ ಹಿಡಿದು ಅತ್ತಳು. ಯಾರು ನೋಡಿದರೂ ನೋಡಲಿ ಎಂದು ಅತ್ತಳು.

ಅಂಗ್ಮೋ ಅವಳ ಅಳು ಮುಗಿಯುವವರೆಗೆ ಕಾದಳು.

"ಮೇಡಂ, ಹಿಂದಿರುಗುವಾಗಲೂ ಅದೇ ಬಂಡಿ ತಾನೇ?"

ಶಕುಂತಲಾ ಮೂಗು ಒರೆಸಿಕೊಂಡಳು. ಬೇಡವೆಂದರೆ ಬೇರೆ ಏನಾದರೂ ಮಾಡೋಣ, ರಸ್ತೆ ತೆರೆಯುವವರೆಗೆ ಇಲ್ಲೇ ಇರಬಹುದು ಎಂದಳು.

"ಅದೇ ಇರಲಿ. ಕಾಲು ಕೂಡಿದ ಮೇಲೆ ನಾನು ಹಿಂದೆ ಕೂರುತ್ತೇನೆ, ನೀವು ತಟ್ಟೆಯಲ್ಲಿ ಮಲಗಿ ಚಕ್ರ ತಿರುಗಿಸಿ" ಎಂದಳು ಅಂಗ್ಮೋ. "ನೀವು ಪ್ರತಿ ಸಲವೂ ತಡವಾಗಿ ಬಾಗುತ್ತೀರಿ."